ಶಾಂತ ದಿನದ ಸೋರಿಕೆ

ಭಾನುವಾರ, ತಿಂಡಿಯಾದ ಮೇಲೆ

ಪ್ರೀತಿಯ ಅತ್ತೆ,

ಮೊದಲು ಜಗಳ, ಆಮೇಲೆ ನಮಸ್ಕಾರ. ಊರು ತಲುಪಿ ವಾರವಾಯಿತು, ಒಂದು ಫೋನಾದರೂ ಬೇಡವೇ?

ನಿಮ್ಮ ಮಗನೂ ನಾನೂ ಬೇರೆ ಬೇರೆ ಮನೆ ಮಾಡಿ ವರ್ಷ ದಾಟಿತು. ಆದರೂ ಮೂರು ತಿಂಗಳ ಹಿಂದೆ ನಾನು ಕರೆದ ಕೂಡಲೇ ಹೊಲಿಗೆ ಅಂಗಡಿಗೆ ಬೀಗ ಹಾಕಿ ಬಂದಿರಿ. ಹೊರಡುವಾಗ, ಮತ್ತೆ ಬರುತ್ತೀರಾ ಎಂದು ಕೇಳಬೇಕೆಂದಿದ್ದೆ. ಕೇಳುವ ಮೊದಲೇ ಬಸ್ಸು ಹೊರಟುಹೋಯಿತು. ಅದನ್ನು ಕೇಳಲೆಂದೇ ಈ ಪತ್ರ. ಆದರೆ ಮೊದಲು ನಿಮ್ಮ ಉಪಕಾರ ನೆನೆಯುವ ಕೆಲಸವಿದೆ.

ನನ್ನದು ಗಾಳಿ ಸೋರುವುದನ್ನು ನೋಡುತ್ತ ಕೂರುವ ಕೆಲಸ ಎಂದು ಪಕ್ಕದ ಮನೆಯವರಿಗೆ ಹೇಳಿದ್ದಿರಂತೆ. ಅದಕ್ಕಿಂತ ಚೆನ್ನಾಗಿ ಹೇಳಲು ನನಗೂ ಬಾರದು. ಧ್ರುವಗಳ ಆಕಾಶದಲ್ಲಿ ಹಸಿರು, ಕೆಂಪು ಧ್ರುವಪ್ರಭೆ ಕುಣಿಯುವಾಗ, ಮೇಲಿಂದ ಸುರಿಯುವ ಎಲೆಕ್ಟ್ರಾನುಗಳ ಹೊಡೆತಕ್ಕೆ ಅಲ್ಲಿನ ತೆಳುಗಾಳಿ ಬಿಸಿಯೇರುತ್ತದೆ. ವಿದ್ಯುತ್ ಹೊತ್ತ ಕಣಗಳು, ಅಂದರೆ ಅಯಾನುಗಳು, ಭೂಮಿಯ ಹಿಡಿತ ತಪ್ಪಿಸಿಕೊಂಡು ಹೊರಟುಬಿಡುತ್ತವೆ. ಹಾಗಾದರೆ ಮೊಮ್ಮಗಳು ಗುಬ್ಬಿಗೆ ಉಸಿರಾಡಲು ಗಾಳಿ ಉಳಿಯುತ್ತದೋ ಇಲ್ಲವೋ ಎಂದು ನೀವು ಗಾಬರಿಯಾದಿರಿ. ಹೋಗುವುದು ಅಷ್ಟಿಷ್ಟೇ, ಅವಳ ಮರಿಮಕ್ಕಳಿಗೂ ಸಾಕಾಗಿ ಮಿಗುತ್ತದೆ ಎಂದು ಹೇಳಿದ ಮೇಲೆಯೇ ನೀವು ಊಟಕ್ಕೆ ಕುಳಿತದ್ದು.

ನನ್ನ ಲೇಖನದ ಸಾರ ಇಷ್ಟು: ಪ್ರಭೆ ಜೋರಾದ ದಿನ ಸೋರಿಕೆ ಜೋರು, ಶಾಂತವಾದ ದಿನ ಸೋರಿಕೆಯೇ ಇಲ್ಲ. ಉಪಗ್ರಹದ ಅಂಕಿಗಳೂ ಹಾಗೇ ಹೇಳುತ್ತಿದ್ದವು. ಅದನ್ನು ವಿಜ್ಞಾನಿಗಳ ಸಭೆಯಲ್ಲಿ ಓದುವ ದಿನ ಹತ್ತಿರ ಬಂದಾಗ ನನ್ನ ತಪ್ಪು ಕಣ್ಣಿಗೆ ಬಿತ್ತು. ಬಿಸಿಲಿಗೆ ಉಪಗ್ರಹದ ಮೈಗೇ ಧನ ವಿದ್ಯುತ್ ಏರುತ್ತದೆ. ಅಯಾನುಗಳದ್ದೂ ಧನ ವಿದ್ಯುತ್ತೇ, ಒಂದೇ ಬಗೆಯವು ಒಂದನ್ನೊಂದು ದೂಡುತ್ತವೆ. ಶಾಂತ ದಿನದ ಅಯಾನುಗಳು ಬಲು ನಿಧಾನ, ಅವನ್ನು ಉಪಗ್ರಹವೇ ಆಚೆ ತಳ್ಳುತ್ತಿತ್ತು. ಅವು ಹೋಗುತ್ತಲೇ ಇದ್ದವು, ನಮ್ಮ ಉಪಕರಣದ ಬಾಯಿಗೆ ಸಿಗುತ್ತಿರಲಿಲ್ಲ ಅಷ್ಟೆ. ನಾನು ಅಲ್ಲಿ ಏನೂ ಇಲ್ಲವೆಂದು ಬರೆದುಬಿಟ್ಟಿದ್ದೆ.

ನನ್ನ ನೌಕರಿ ಮುಂದುವರಿಯುವುದು ಆ ಲೇಖನದ ಮೇಲೆ ನಿಂತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸದ್ಯಕ್ಕೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತ ಕಣ್ಣೀರು ಹಾಕಿದೆ. ನೀವು ಸಮಾಧಾನ ಮಾಡಲು ಬರಲಿಲ್ಲ. ಗುಬ್ಬಿಯ ಫ್ರಾಕಿನ ಅಂಚು ಬಿಚ್ಚುತ್ತಲೇ ಅಂದಿರಿ: "ಹೊಲಿಗೆ ತಪ್ಪಿದ್ರೆ ಬಿಚ್ಚಲೇಬೇಕಮ್ಮ. ಗಿರಾಕಿ ಹಾಕ್ಕೊಂಡು ಹೋದ ಮೇಲೆ ಬಿಚ್ಚೋಕಾಗುತ್ತಾ?"

ಮರುದಿನವೇ ದೊಡ್ಡ ಸಾಹೇಬರಿಗೆ ಹೇಳಿದೆ. ಮುಖ ಗಂಟಿಕ್ಕಿಕೊಂಡು ಒಂದಿಷ್ಟು ಕೂಗಾಡಿ, ಕೊನೆಗೆ ನನ್ನ ಸರದಿಯನ್ನು ಮುಂದಕ್ಕೆ ಹಾಕಿಸಿದರು. ಹೊಳೆಯ ನಡುವೆ ನೆಟ್ಟ ಕಂಬದ ಹಿಂದೆ ನೀರು ಸೀಳಿದ ಗುರುತಿರುವ ಹಾಗೆ, ನಿಧಾನದ ಅಯಾನುಗಳು ಉಪಗ್ರಹದ ಬೆನ್ನ ಹಿಂದೆ ಒಂದು ಗುರುತು ಬಿಡುತ್ತವೆ. ಅದನ್ನು ಹಿಡಿದು ಲೆಕ್ಕವನ್ನೆಲ್ಲ ಮೊದಲಿಂದ ಹಾಕಿದೆ. ಪ್ರಭೆ ಜೋರಾದಾಗ ಸೋರಿಕೆ ಹೆಚ್ಚು ಎನ್ನುವ ಮಾತು ನಿಂತಿತು. ಶಾಂತ ದಿನ ಏನೂ ಹೋಗುವುದಿಲ್ಲ ಎನ್ನುವ ಮಾತು ಬಿತ್ತು. ಶುಕ್ರವಾರ ನೌಕರಿ ಮುಂದುವರಿಸಿದ ಆದೇಶ ಕೈಗೆ ಬಂತು, ಅತ್ತೆ.

ಅಷ್ಟೂ ದಿನ ಗುಬ್ಬಿಯ ಊಟ, ಶಾಲೆ, ಜ್ವರ, ಹಠ ಎಲ್ಲ ನಿಮ್ಮ ತಲೆಯ ಮೇಲೆ. ವಾಪಸ್ ಬಾ ಎಂದು ಮಗ ಫೋನ್ ಮಾಡಿದಾಗ, ಮಂಡಿನೋವು, ಬಸ್ಸು ಹತ್ತಲು ಆಗುವುದಿಲ್ಲ ಎಂದಿರಿ. ಫೋನಿಟ್ಟವರೇ ಅದೇ ಮಂಡಿಯಲ್ಲಿ ಗುಬ್ಬಿಯನ್ನು ಅಟ್ಟಿಸಿಕೊಂಡು ಮಹಡಿಯವರೆಗೆ ಓಡಿದಿರಿ. ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆ. ನನಗಾಗಿ ಇಷ್ಟು ಸಲೀಸಾಗಿ ಸುಳ್ಳು ಹೇಳಿದವರು ಇನ್ನೊಬ್ಬರಿಲ್ಲ. ನಿಮ್ಮ ಋಣ ದೊಡ್ಡದು. ಅದನ್ನು ತೀರಿಸಿ ಕೈತೊಳೆದುಕೊಳ್ಳುವ ಆಸೆಯೂ ನನಗಿಲ್ಲ.

ಈಗ ಕೇಳುತ್ತೇನೆ. ಮತ್ತೆ ಬನ್ನಿ. ಮಗುವನ್ನು ನೋಡಿಕೊಳ್ಳಲು ಅಲ್ಲ, ಅದಕ್ಕೆ ಕೆಳಗಿನ ಮನೆಯ ಟೀಚರಮ್ಮ ಒಪ್ಪಿದ್ದಾರೆ. ಸುಮ್ಮನೆ ನಮ್ಮ ಜೊತೆ ಇರಲು ಬನ್ನಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರಕ್ಕೆ ಜಾಗ ಮಾಡಿದ್ದೇನೆ.

ದಾರಿ ನೋಡುತ್ತಿರುವ,
ನಿಮ್ಮ ಸೊಸೆ

ತಾ.ಕ.: ಸೊಸೆ ಎಂದು ಬರೆಯುವಾಗ ಪೆನ್ನು ತುಸು ತಡೆಯಿತು. ವಿಚ್ಛೇದನದ ತೀರ್ಪು ನೀವು ಬಸ್ಸು ಹತ್ತುವ ಹಿಂದಿನ ದಿನವೇ ಬಂದಿತ್ತು. ನಿಮಗೆ ಹೇಳಲಿಲ್ಲ. ಹೇಳಿದರೆ ಇನ್ನು ಈ ಮನೆಗೂ ನಿಮಗೂ ಸಂಬಂಧ ಮುಗಿಯಿತು ಎಂದುಕೊಳ್ಳುತ್ತೀರೇನೋ ಎಂಬ ಭಯ. ನಿಮ್ಮ ಮಗನನ್ನು ಬಿಟ್ಟುಕೊಟ್ಟಿದ್ದೇನೆ, ಅತ್ತೆ. ನಿಮ್ಮನ್ನು ಬಿಟ್ಟುಕೊಡುವುದಿಲ್ಲ.