ನಾಲ್ಕನೆಯ ಹೆಸರು

ಥಂಡರ್ ಬೇ
ಅಕ್ಟೋಬರ್ 27, ಸೋಮವಾರ

ನನ್ನ ಹಟಮಾರಿ ಸೈಮಿಗೆ,

ಒಲೆಗೆ ಹಾಕುವುದಿದ್ದರೆ ಓದಿ ಮುಗಿಸಿದ ಮೇಲೆ ಹಾಕು, ನನ್ನದೇನೂ ಅಭ್ಯಂತರವಿಲ್ಲ. ಆದರೆ ಪೂರ್ತಿ ಓದು. ಫೋನ್ ಎತ್ತುವುದಿಲ್ಲ, ಸಂದೇಶ ನೋಡುವುದಿಲ್ಲ, ನಾನೇ ಕಾರು ಓಡಿಸಿಕೊಂಡು ಸರೋವರದ ಮನೆಗೆ ಬಂದರೆ ಹಿಂಬಾಗಿಲಿನಿಂದ ಹೋಗಿ ದೋಣಿ ಹತ್ತಿ ನೀರಿನ ನಡುವೆ ಕೂರುತ್ತೀಯ. ಇಪ್ಪತ್ತೆಂಟು ವರ್ಷದ ಹೆಂಗಸು ಮಾಡುವ ಕೆಲಸವೇ ಇದು? ಹೋದ ಭಾನುವಾರ ದಡದಲ್ಲಿ ನಿಂತು ಕೈ ಬೀಸಿ ಬೀಸಿ ನನ್ನ ಭುಜ ಬಿದ್ದುಹೋಯಿತು. ಪಕ್ಕದ ಮನೆಯ ಮುದುಕ, ಪಾಪ, ನಾನು ಮೀನಿಗಾಗಿ ಯಾರನ್ನೋ ಕೂಗುತ್ತಿದ್ದೇನೆ ಎಂದುಕೊಂಡು ಎರಡು ಮೀನು ತಂದುಕೊಟ್ಟ. ಬೇಡ ಎನ್ನಲು ನಾಚಿಕೆಯಾಗಿ ಇಸಿದುಕೊಂಡು ಬಂದು ಹುರಿದು ತಿಂದೆವು.

ಅದಕ್ಕೇ ಈ ಕಾಗದ. ನಾಳೆ ಸೌದೆ ಹಾಕಲು ಬರುವಾಗ ನಿಮ್ಮಪ್ಪ ತಂದುಕೊಡುತ್ತಾನೆ. ಅವನೂ ಜೂನ್ ತಿಂಗಳಿಂದ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ಮದುವೆಯಾದಾಗಿನಿಂದ ಶನಿವಾರ ತಪ್ಪದೆ ಇಬ್ಬರೂ ಒಟ್ಟಿಗೆ ಸೌನಾದ ಬಿಸಿ ಹಬೆಯ ಕೋಣೆಯಲ್ಲಿ ಕೂತವರು ನಾವು. ಈಗ ಅವನೊಬ್ಬನೇ ಮೊದಲು ಹೋಗಿ, ಅಗುಳಿ ಹಾಕಿಕೊಂಡು, ಸಾಕುಬೇಕಾಗುವಷ್ಟು ಬೆವರಿ ಎದ್ದು ಬಂದ ಮೇಲೆ ನನ್ನ ಸರದಿ. ಅಷ್ಟರಲ್ಲಿ ಒಲೆಯ ಕಲ್ಲು ಆರಿರುತ್ತದೆ. ಕೇಳಿದರೆ, ಮಗಳನ್ನು ಮಾರಿದವಳಿಗೆ ಬಿಸಿ ಯಾಕೆ ಬೇಕು ಎನ್ನುತ್ತಾನೆ. ಮಾರಿಲ್ಲ ಮಾರಾಯಾ, ಒಂದು ಡಾಲರೂ ಬಂದಿಲ್ಲ ಎಂದೆ. ಹಾಗಾದರೆ ಪುಕ್ಕಟೆ ಕೊಟ್ಟೆ ಅನ್ನು ಎಂದ.

ಜೂನ್‌ನಲ್ಲಿ ಆದದ್ದು ನಿನಗೆ ಗೊತ್ತಿರುವುದೇ. ಆದರೆ ಸಿಟ್ಟಿನಲ್ಲಿ ಅರ್ಧ ಕೇಳಿಸಿಕೊಂಡು ಬಾಗಿಲು ದಬ್ಬಿಕೊಂಡು ಹೋದವಳು ನೀನು, ಹಾಗಾಗಿ ಮೊದಲಿಂದ ಹೇಳುತ್ತೇನೆ. ನಮ್ಮ ಹೆಂಗಸರ ಐಸ್ ಹಾಕಿ ಲೀಗಿಗೆ ಹ್ಯಾಲಿಫ್ಯಾಕ್ಸ್ ತಂಡ ಹೊಸದಾಗಿ ಸೇರಿತು. ಹೊಸ ತಂಡಕ್ಕೆ ಆಟಗಾರರು ಬೇಕಲ್ಲ, ಅದಕ್ಕೆ ಹಳೆಯ ತಂಡಗಳು ಮೂರು ಮೂರು ಹೆಸರು ಮಾತ್ರ ತಮ್ಮದೆಂದು ಉಳಿಸಿಕೊಳ್ಳಬಹುದು, ಉಳಿದವರಲ್ಲಿ ಹ್ಯಾಲಿಫ್ಯಾಕ್ಸ್ ತನಗೆ ಬೇಕಾದವಳನ್ನು ಎತ್ತಿಕೊಳ್ಳಬಹುದು ಎಂದು ನಿಯಮವಾಯಿತು. ಹೆರಾನ್ಸ್ ತಂಡದ ಮ್ಯಾನೇಜರ್ ನಾನು. ಗೋಲು ಕಾಯುವ ಮಾರ್ಗೋ, ನಡುವೆ ಆಡುವ ಟೆಸ್, ನಿನ್ನ ಜೊತೆ ಡಿಫೆನ್ಸ್ ಆಡುವ ಆ ಇಪ್ಪತ್ತೊಂದರ ಹುಡುಗಿ ಡೆಲ್ಫಿನ್. ಈ ಮೂರು ಹೆಸರಿನ ಕೆಳಗೆ ನಾನು ಸಹಿ ಹಾಕಿದೆ. ನಿನ್ನ ಹೆಸರು ಹೊರಗುಳಿಯಿತು, ಹ್ಯಾಲಿಫ್ಯಾಕ್ಸ್ ನಿನ್ನನ್ನೇ ಎತ್ತಿಕೊಂಡಿತು.

ಇನ್ನು ಊರಿನವರ ಮಾತು. ಮ್ಯಾನೇಜರ್ ರೈಯಾಳ ಲೆಕ್ಕ ತಪ್ಪಿತು ಎನ್ನುತ್ತದೆ ಊರು. ಎರಡು ವರ್ಷದ ಹಿಂದೆ ನಿನ್ನ ಏಜೆಂಟ್ ನನ್ನೆದುರು ಕೂತು, ಒಂದು ಬೆಳಗಿನಲ್ಲಿ ನನ್ನ ಜೀವ ಹಿಂಡಿ, ನಿನಗೆ ದೊಡ್ಡ ಸಂಬಳ ಕೊಡಿಸಿಕೊಂಡು ಹೋದನಲ್ಲ? ಆ ಸಂಬಳ ನೋಡಿ ಯಾರೂ ನಿನ್ನ ಹತ್ತಿರ ಸುಳಿಯುವುದಿಲ್ಲವೆಂದು ನಂಬಿ ನಾನು ನಿನ್ನ ಹೆಸರನ್ನು ಧೈರ್ಯವಾಗಿ ಹೊರಗಿಟ್ಟೆನಂತೆ. ನಮ್ಮಂಥ ಹಳೆಯ ತಂಡಗಳಿಗೆ ಅದು ನಿಜವೇ. ಲೀಗ್ ಹಾಕಿದ ಸಂಬಳದ ಮಿತಿಗೆ ನಮ್ಮ ತಲೆ ಸದಾ ತಾಗಿರುತ್ತದೆ, ಇನ್ನೊಂದು ದೊಡ್ಡ ಸಂಬಳ ಎಂದರೆ ಗಂಟಲಲ್ಲಿ ಸಿಕ್ಕಿದ ಮುಳ್ಳು. ಆದರೆ ಹೊಸ ತಂಡದಲ್ಲಿ ಇನ್ನೂ ಯಾರೂ ಇಲ್ಲ. ಇದಕ್ಕಿಂತ ಕಡಿಮೆ ಖರ್ಚು ಮಾಡುವಂತಿಲ್ಲ ಎಂಬ ಕೆಳಗಿನ ಮಿತಿಯೂ ಲೀಗಿನಲ್ಲಿದೆ, ಅವರು ಅದನ್ನು ಮುಟ್ಟಲೇಬೇಕು. ಅವರಿಗೆ ನಿನ್ನ ಸಂಬಳ ಹೊರೆಯಲ್ಲ, ಹುಡುಕುತ್ತಿದ್ದ ವಸ್ತು. ಇಷ್ಟು ಸಣ್ಣ ಸಂಗತಿ ರೈಯಾಳ ತಲೆಗೆ ಹೊಳೆಯಲಿಲ್ಲ ಎಂದು ಊರು ನಕ್ಕಿತು. ಪತ್ರಿಕೆಯವರು ನನ್ನ ಚಿತ್ರ ಬರೆದರು, ನೋಡಿದೆಯಾ? ಬೆರಳುಗಳೆಲ್ಲ ಒಂದೇ ಚೀಲದೊಳಗೆ ಸೇರುವ ಉಣ್ಣೆಯ ಕೈಗವಸು ಹಾಕಿಕೊಂಡು ಬೆರಳು ಎಣಿಸುತ್ತಿದ್ದೇನೆ. ಬೇಕರಿಯ ಶರ್ಲಿ ಗುಲಾಬಿ ಸಕ್ಕರೆ ಹಚ್ಚಿದ ಬನ್ನು ಕಟ್ಟಿಕೊಡುತ್ತಾ, ಬೇಜಾರು ಮಾಡ್ಕೋಬೇಡ, ಲೆಕ್ಕ ಯಾರಿಗಾದರೂ ತಪ್ಪುತ್ತದೆ ಎಂದು ಒಂದು ಬನ್ನು ಹೆಚ್ಚಿಗೆ ಹಾಕಿದಳು. ಕನಿಕರದ ಬನ್ನು ತಿನ್ನಬೇಕಾದ ಕಾಲ ಬಂತಲ್ಲ ಎಂದು ಮೈಯೆಲ್ಲ ಉರಿಯಿತು. ತಿಂದದ್ದು ಬೇರೆ ಮಾತು.

ಹೋದ ವಾರ ನಿಮ್ಮಪ್ಪ ನಿನ್ನ ಮಾತು ಹೊತ್ತು ಬಂದ. ಜೂನ್‌ನಿಂದ ಮೊದಲ ಸಲ ಅಡುಗೆಮನೆಯಲ್ಲಿ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ನೀನು ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದ:

"ಲೆಕ್ಕ ತಪ್ತು ಅಂತ ಅಮ್ಮ ಒಂದೇ ಒಂದು ಮಾತು ಹೇಳ್ಲಿ. ಅಷ್ಟು ಹೇಳಿದ್ರೆ ಸಾಕು, ನಾಳೇನೇ ಹ್ಯಾಲಿಫ್ಯಾಕ್ಸ್‌ಗೆ ಹೊರಡ್ತೀನಿ. ಬೇಕೂ ಅಂತ ಬಿಟ್ಟಿದ್ರೆ ಮಾತ್ರ ನಾನಿನ್ನು ಸ್ಕೇಟ್ ಕಟ್ಟಲ್ಲ."

ಆಮೇಲೆ ತನ್ನ ಕಡೆಯಿಂದ ಸೇರಿಸಿದ: "ಹೇಳ್ಬಿಡು ರೈಯಾ. ಊರೇ ಹಂಗಂತ ನಂಬಿದೆ. ನಿಂದೇನು ಗಂಟು ಹೋಗತ್ತೆ?"

ನಿಜವಾಗಿ ಏನೂ ಹೋಗುತ್ತಿರಲಿಲ್ಲ. ಸುಳ್ಳು ಆಗಲೇ ನಾಲಿಗೆಯ ತುದಿಗೆ ಬಂದಿತ್ತು, ನಗೆಪಾಟಲಂತೂ ಆಗಿಯೇ ಆಗಿತ್ತು. ನವೆಂಬರ್ ಹತ್ತಕ್ಕೆ ಅವರ ತರಬೇತಿ ಶುರು. ಅಷ್ಟರೊಳಗೆ ನೀನು ಅಲ್ಲಿ ಕಾಲಿಡದಿದ್ದರೆ ಅಮಾನತು ಮಾಡುತ್ತಾರೆ. ಒಮ್ಮೆ ಅಮಾನತಾದರೆ ಈ ವರ್ಷ ಬೇರೆ ಯಾವ ತಂಡಕ್ಕೂ ನಿನ್ನನ್ನು ಆಡಿಸುವ ಹಕ್ಕಿಲ್ಲ. ನಿನ್ನ ವಯಸ್ಸಿಗೆ, ನಿನ್ನ ಮಂಡಿಗೆ, ಒಂದು ವರ್ಷ ಐಸ್ ಬಿಟ್ಟರೆ ಮತ್ತೆ ಹತ್ತುವುದು ಕನಸು. ಒಂದು ಮಾತಿಗೆ ಇಷ್ಟೆಲ್ಲ ಉಳಿಯುವುದಾದರೆ ಯಾವ ತಾಯಿ ತಾನೇ ಹೇಳುವುದಿಲ್ಲ? ಎರಡು ದಿನ ಅದನ್ನೇ ತಲೆಯಲ್ಲಿ ಹೊತ್ತು ತಿರುಗಿದೆ.

ಹೇಳುವುದಿಲ್ಲ, ಸೈಮಿ. ಲೆಕ್ಕ ತಪ್ಪಲಿಲ್ಲ.

ಕೆಳಗಿನ ಮಿತಿಯ ನಿಯಮ ಮಾಡಿದ ಸಭೆಯಲ್ಲಿ ನಾನೂ ಕೂತಿದ್ದೆ, ಪರವಾಗಿ ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ನಿನ್ನ ಹೆಸರು ಹೊರಗಿಟ್ಟರೆ ಹ್ಯಾಲಿಫ್ಯಾಕ್ಸ್ ನಿನ್ನನ್ನೇ ಎತ್ತುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಸಾಲದ್ದಕ್ಕೆ ಅವರ ಮ್ಯಾನೇಜರ್ ಲೊರೇನ್ ಮಕ್ಐಸಾಕ್ ಅವರು ಆರಿಸುವ ಹಿಂದಿನ ದಿನ ಫೋನ್ ಮಾಡಿದಳು. ಹೊಸ ಹುಡುಗಿಯರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಹೆರಾನ್ಸ್‌ಗಿರುವ ಮೊದಲ ಸುತ್ತಿನ ಆಯ್ಕೆಯನ್ನು ನನಗೆ ಬಿಟ್ಟುಕೊಡು, ನಿನ್ನ ಮಗಳನ್ನು ಮುಟ್ಟದೆ ಬೇರೆಯವಳನ್ನು ಎತ್ತುತ್ತೇನೆ ಎಂದಳು. ನಮ್ಮ ಕಸುಬಿನಲ್ಲಿ ಇಂಥ ಕೊಡುಕೊಳ್ಳುವಿಕೆ ಇದ್ದದ್ದೇ, ಯಾರೂ ತಪ್ಪೆನ್ನುವುದಿಲ್ಲ. ಕೋಚ್ ಗ್ರೆಗ್ ನನ್ನೆದುರೇ ನಿಂತಿದ್ದ. ಒಪ್ಪಿಕೋ, ಒಪ್ಪಿಕೋ ಎಂದು ಅವನು ತಲೆಯಾಡಿಸಿದ ರಭಸಕ್ಕೆ ಕುತ್ತಿಗೆ ಉಳುಕಬೇಕಿತ್ತು.

ನಾನು ಲೊರೇನ್‌ಗೆ ಹೇಳಿದ್ದು ಇಷ್ಟು: "ಆಯ್ಕೆ ಕೊಡಲ್ಲ. ಸೈಮಿ ಬೇಕಿದ್ರೆ ತಗೋ. ಆದ್ರೆ ಬೆಂಚಿನ ತುದೀಲಿ ಕೂರಿಸೋಕೆ ತಗೋಬೇಡ, ಆಡಿಸೋದಾದ್ರೆ ಮಾತ್ರ ತಗೋ."

ಮಾತಾಡುತ್ತಿರುವುದು ಅಮ್ಮನೋ ಮ್ಯಾನೇಜರೋ ಎಂದು ಅವಳು ನಕ್ಕಳು. ಫೋನ್ ಇಟ್ಟುಬಿಟ್ಟೆ.

ಯಾಕೆ ಎಂದು ಕೇಳುತ್ತೀಯ. ಕೇಳುವ ಹಕ್ಕು ನಿನಗಿದೆ. ಮಂಡಿಯ ಆಪರೇಶನ್ ಆದಮೇಲೆ ನೀನು ಎಡಕ್ಕೆ ತಿರುಗುವಾಗ ಅರ್ಧ ಹೆಜ್ಜೆ ತಡವಾಗುತ್ತೀಯ. ಅದನ್ನು ಬುದ್ಧಿಯಿಂದ ಮುಚ್ಚಿಕೊಳ್ಳುತ್ತೀಯ, ಪಕ್ ಬಿಲ್ಲೆ ಎಲ್ಲಿಗೆ ಬರುತ್ತದೆಂದು ಊಹಿಸಿ ಎಲ್ಲರಿಗಿಂತ ಮೊದಲು ಅಲ್ಲಿ ನಿಂತಿರುತ್ತೀಯ, ನೋಡುವವರಿಗೆ ತಡವಾದದ್ದೇ ಗೊತ್ತಾಗುವುದಿಲ್ಲ. ಆದರೆ ಇನ್ನು ಮೇಲೆ ನಾವು ಓಡಿ ಆಡುವ ತಂಡ. ಡೆಲ್ಫಿನ್ ತಪ್ಪು ಮಾಡುತ್ತಾಳೆ, ಮಾಡಿದ ತಪ್ಪನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವಷ್ಟು ಕಾಲು ಅವಳಿಗಿದೆ. ನಮ್ಮ ಲೆಕ್ಕದಲ್ಲಿ ನೀನು ನಾಲ್ಕನೆಯವಳು. ಮೂರಕ್ಕೂ ನಾಲ್ಕಕ್ಕೂ ಬೆಟ್ಟದಷ್ಟು ಅಂತರವೇನಿಲ್ಲ, ಆದರೆ ಗೆರೆ ಎಲ್ಲೋ ಒಂದು ಕಡೆ ಎಳೆಯಲೇಬೇಕಿತ್ತು. ನಿನ್ನ ಸಂಬಳ ನಮ್ಮ ತಲೆಯಿಂದ ಇಳಿದದ್ದರಿಂದ ಟೆಸ್‌ಗೆ ಹೊಸ ಒಪ್ಪಂದ ಕೊಡಲು ಜಾಗವಾಯಿತು. ಉಳಿಸಿಕೊಂಡ ಆಯ್ಕೆಯಲ್ಲಿ ಡುಲುತ್‌ನ ಒಬ್ಬ ಹುಡುಗಿ ಬಂದಳು. ಅವಳ ಹೊಡೆತಕ್ಕೆ ಗೋಡೆಯ ಗಾಜು ನಡುಗುತ್ತದೆ. ನೀನು ಬೇರೆ ಯಾರ ಮಗಳಾಗಿದ್ದರೂ ಇದನ್ನೇ ಮಾಡುತ್ತಿದ್ದೆ.

ನೀನು ಜೂನ್‌ನಲ್ಲಿ ನನ್ನ ಆಫೀಸಿಗೆ ನುಗ್ಗಿ ಬಂದು, ನೀನು ಅಮ್ಮನಾ, ಮ್ಯಾನೇಜರಾ ಎಂದು ಕೇಳಿದೆ. ಇಲ್ಲಿ ಮ್ಯಾನೇಜರ್, ಬಾಗಿಲು ತಟ್ಟಿ ಬರಬೇಕು ಎಂದೆ ನಾನು. ಅದೊಂದು ಮಾತು ಆಡಬಾರದಿತ್ತು. ನೀನು ಹೋದಮೇಲೆ ಐಸ್ ನುಣುಪು ಮಾಡುವ ಯಂತ್ರದ ಶೆಡ್ಡಿಗೆ ಹೋಗಿ ಅತ್ತೆ. ಅಲ್ಲಿ ಎಂಜಿನ್ನಿನ ಸದ್ದಿರುತ್ತದೆ, ಎಷ್ಟು ಜೋರಾಗಿ ಅತ್ತರೂ ಯಾರಿಗೂ ಕೇಳುವುದಿಲ್ಲ. ಯಂತ್ರ ಓಡಿಸುವವನು ಒಳಗೆ ಬಂದು, ನನ್ನನ್ನು ನೋಡಿ, ಏನೂ ಕಾಣದವನ ಹಾಗೆ ಎಣ್ಣೆ ಡಬ್ಬಿ ಎತ್ತಿಕೊಂಡು ಹೊರಟುಹೋದ. ನಿನ್ನ ಮೇಲೆ ಪ್ರೀತಿ ಇಲ್ಲದೆ ಬಿಟ್ಟೆ ಎಂದು ಮಾತ್ರ ಅಂದುಕೊಳ್ಳಬೇಡ. ನೀನಿಲ್ಲದ ಡ್ರೆಸಿಂಗ್ ರೂಮಿಗೆ ನಾನು ಇವತ್ತಿಗೂ ಹೋಗುವುದಿಲ್ಲ, ಹೇಳಬೇಕಾದ್ದನ್ನು ಗ್ರೆಗ್ ಕೈಲಿ ಹೇಳಿಸುತ್ತೇನೆ.

ಸುಳ್ಳು ಹೇಳದಿರಲು ಕಾರಣ ಬೇರೆ ಇದೆ. ಲೆಕ್ಕ ತಪ್ಪಿತು ಎಂದರೆ ನೀನು ಹ್ಯಾಲಿಫ್ಯಾಕ್ಸ್‌ಗೆ ಹೋಗುತ್ತೀಯ ನಿಜ. ಹೋಗಿ, ಪೆಟ್ಟಿಗೆ ಬಿಚ್ಚದೆ ಅದರ ಮೇಲೇ ಕೂರುತ್ತೀಯ. ಇದೇನೋ ತಪ್ಪಿಂದ ಆದದ್ದು, ಅಮ್ಮ ಸರಿಮಾಡುತ್ತಾಳೆ, ವರ್ಷದೊಳಗೆ ಅದಲುಬದಲು ಮಾಡಿ ವಾಪಸು ಕರೆಸಿಕೊಳ್ಳುತ್ತಾಳೆ ಎಂದು ಕಾಯುತ್ತೀಯ. ನಾನು ಕರೆಸಿಕೊಳ್ಳುವುದಿಲ್ಲ. ಹೆರಾನ್ಸ್‌ನಲ್ಲಿ ನಿನ್ನ ಜಾಗ ತುಂಬಿಹೋಯಿತು. ನಿನ್ನ ಮಂಡಿಯಲ್ಲಿ ಇನ್ನು ಮೂರೋ ನಾಲ್ಕೋ ವರ್ಷದ ಆಟವಿದೆ, ಅದರಲ್ಲಿ ಒಂದನ್ನೂ ನನ್ನ ದಾರಿ ಕಾಯುತ್ತಾ ಕಳೆಯಲು ನಾನು ಬಿಡುವುದಿಲ್ಲ. ಲೊರೇನ್‌ಗೆ ನೀನು ಬೇಕು. ಎಲ್ಲ ತಂಡಗಳಲ್ಲೂ ಹೊರಗುಳಿದವರ ಹೆಸರುಗಳನ್ನು ನೋಡಿ ಆ ಹೆಂಗಸು ಮೊಟ್ಟಮೊದಲು ನಿನ್ನ ಹೆಸರು ಹೇಳಿದಳು. ಬೇಕು ಎಂದವರ ಕಡೆ ಮುಖ ಮಾಡಿ ಹೋಗು.

ಆದ್ದರಿಂದ ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ಅದನ್ನೂ ಕಟ್ಟಿಕೊಂಡೇ ಹೋಗು. ಮಾತಾಡಬೇಡ, ಕ್ರಿಸ್‌ಮಸ್‌ಗೆ ಬರಬೇಡ, ನಿಮ್ಮಪ್ಪನಿಗೆ ಮಾತ್ರ ಫೋನ್ ಮಾಡು, ತಡೆದುಕೊಳ್ಳುತ್ತೇನೆ. ಆದರೆ ಸ್ಕೇಟ್ ಕಟ್ಟುವುದಿಲ್ಲ ಎಂಬ ಮಾತು ಮಾತ್ರ ನಾನು ಕೇಳುವುದಿಲ್ಲ. ಸ್ಕೇಟುಗಳನ್ನು ಸಾಣೆ ಹಿಡಿಸಿ ನಿಮ್ಮಪ್ಪನ ಟ್ರಕ್ಕಿನಲ್ಲಿ ಇಟ್ಟಿದ್ದೇನೆ. ಏಲಕ್ಕಿ ಹಾಕಿದ ಪುಲ್ಲಾ ಬ್ರೆಡ್ ಎರಡು ಸುತ್ತಿಟ್ಟಿದ್ದೇನೆ, ನಿಮ್ಮಪ್ಪ ದಾರಿಯಲ್ಲೇ ಒಂದನ್ನು ಮುಗಿಸಿರುತ್ತಾನೆ. ಗುರುವಾರದ ವಿಮಾನಕ್ಕೆ ಟಿಕೆಟ್ ಆಗಿದೆ. ನೀರು ಹೆಪ್ಪುಗಟ್ಟುವ ಮುಂಚೆ ದೋಣಿ ದಡಕ್ಕೆ ಎಳೆದು, ನಲ್ಲಿಯ ನೀರು ಬಸಿದು, ಬಾಗಿಲಿಗೆ ಬೀಗ ಹಾಕಿ ನಿಮ್ಮಪ್ಪನ ಜೊತೆ ಹೊರಡು.

ನೀನು ಬೈದರೂ ಬಿಟ್ಟರೂ ನಿನ್ನವಳೇ ಆದ,

ಅಮ್ಮ

ತಾ.ಕ.: ಲಕೋಟೆ ಅಂಟಿಸಲು ಹೋದವಳು ಕಾಗದವನ್ನು ಮತ್ತೆ ಹೊರಗೆ ತೆಗೆದೆ. ಸುಳ್ಳು ಹೇಳುವುದಿಲ್ಲ ಎಂದು ಇಷ್ಟುದ್ದ ಬರೆದು ನಡುವೆ ಒಂದು ಸುಳ್ಳು ಸೇರಿಸಿದ್ದೇನೆ. ನಮ್ಮ ಲೆಕ್ಕದಲ್ಲಿ ನೀನು ನಾಲ್ಕನೆಯವಳು ಎಂದೆನಲ್ಲ, ಅದು ನಮ್ಮ ಲೆಕ್ಕವಲ್ಲ. ಗ್ರೆಗ್ ನಿನ್ನನ್ನು ಮೂರನೆಯವಳೆಂದ. ಊರೂರು ತಿರುಗಿ ಆಟ ನೋಡಿ ಬರುವ ಇಬ್ಬರು ಸ್ಕೌಟುಗಳೂ ಮೂರನೆಯವಳೆಂದರು. ತಂಡದ ಒಡೆಯರೂ ಅದನ್ನೇ ಹೇಳಿದರು. ನಾಲ್ಕು ಎಂದವಳು ನಾನೊಬ್ಬಳೇ, ಕೊನೆಯ ಮಾತು ನನ್ನದಾದ್ದರಿಂದ ಅದೇ ನಡೆಯಿತು. ಬೇರೆಯವರ ಮಗಳಾಗಿದ್ದರೂ ಹಾಗೇ ಮಾಡುತ್ತಿದ್ದೆನಾ? ಗೊತ್ತಿಲ್ಲ, ಸೈಮಿ. ಮಗಳನ್ನು ಉಳಿಸಿಕೊಂಡಳು ಎಂಬ ಮಾತು ಬರುತ್ತದೆಂದು ಹೆದರಿ, ಬೇರೆ ಯಾರ ಕಾಲನ್ನೂ ನೋಡದಷ್ಟು ನಿನ್ನ ಎಡಗಾಲನ್ನೇ ನೋಡಿದೆನೋ ಏನೋ. ಅದನ್ನು ಇಲ್ಲಿ ಯಾರೂ ನನಗೆ ಹೇಳಲಾರರು, ನೀನೊಬ್ಬಳೇ ಹೇಳಬಲ್ಲೆ, ಅದೂ ಐಸ್ ಮೇಲೆ. ಜನವರಿಯಲ್ಲಿ ಹ್ಯಾಲಿಫ್ಯಾಕ್ಸ್ ನಮ್ಮೂರಿಗೆ ಆಡಲು ಬರುತ್ತದೆ. ಡೆಲ್ಫಿನ್ ಪಕ್ ಹಿಡಿದು ನಿನ್ನ ಎಡಗಡೆಯಿಂದಲೇ ನುಗ್ಗುತ್ತಾಳೆ, ನುಗ್ಗು ಎಂದು ನಾನೇ ಹೇಳಿಕೊಟ್ಟಿರುತ್ತೇನೆ. ಅವಳನ್ನು ನಿಲ್ಲಿಸು. ನಿಲ್ಲಿಸಿದರೆ, ಇಡೀ ಊರು ಕೂತಿರುವಾಗ ನಾನು ಎದ್ದು ನಿಂತು, ನೀನು ಕೇಳಿದ ಆ ಒಂದು ಮಾತನ್ನು ಹೇಳುತ್ತೇನೆ.