ಸಾಹೇಬರ ಪರ್ಸಿನ ಹುರುಪೆ

೨೦೧೪ ಡಿಸೆಂಬರ್ ೨೧, ಅಭಾ
ಫುಟ್ಬಾಲಿನಲ್ಲಿ ನಮ್ಮ ಕ್ಲಬ್ಬಿನವರು ಇವತ್ತೂ ಸೋತರು. ಕ್ಲಬ್ಬಿನ ಮ್ಯಾನೇಜರ್ ಊಟದ ಹೊತ್ತಿಗೇ ಬಂದು ಹೇಳಿಹೋದ — ಶುಕ್ರವಾರವೂ ಸೋತರೆ ಕೋಚ್‌ಗೆ ವಾಪಸ್ ಟಿಕೆಟ್. ಲುಬೋಶ್ ಸಾಹೇಬರು ತಲೆಯಾಡಿಸಿ ಬಟಾಟೆ ತಿಂದರು. ಚೆಕ್ ದೇಶದವರು. ಮೊದಲು ತಮ್ಮೂರ ಟೀಮು, ಆಮೇಲೆ ಸೈಪ್ರಸ್, ಒಮಾನ್, ಈಗ ಇಲ್ಲಿ, ಅರಬರ ಈ ಬೆಟ್ಟದೂರಿನಲ್ಲಿ. ಈ ವಿಲ್ಲಾದಲ್ಲಿ ಎಷ್ಟು ಕೋಚ್‌ಗಳಿಗೆ ಅಡುಗೆ ಮಾಡಿ ಹಾಕಿಲ್ಲ ನಾನು! "ಹಸನಬ್ಬ, ನೀನೂ ಕೂತ್ಕೋ" ಎಂದವರು ಇವರೊಬ್ಬರೇ. ಇವರು ಹೋಗಬಾರದು. ಯಾ ಅಲ್ಲಾಹ್...

ಡಿ. ೨೩
ಎಂಥ ಕೆಲಸ ಮಾಡಿಬಿಟ್ಟೆ. ಮಳೆಗೆ ಸಾಹೇಬರ ಪರ್ಸ್ ನೆನೆದಿತ್ತು. ಒಣಗಿಸಲು ಬಿಚ್ಚಿದರೆ ಒಳಗೊಂದು ಮೀನಿನ ಹುರುಪೆ! ಥೂ ಎಂದು ಬಿಸಾಡಿದೆ. ಕಸದ ಗಾಡಿಯೂ ಹೋಯಿತು.

ಸಂಜೆ ಹುಡುಕಿದರು. ಕ್ರಿಸ್‌ಮಸ್ ಊಟದಲ್ಲಿ ತಟ್ಟೆಯಡಿ ಇಟ್ಟು, ವರ್ಷವಿಡೀ ಪರ್ಸಿನಲ್ಲಿ ಇಟ್ಟುಕೊಳ್ಳುವುದಂತೆ ಅವರ ಕಡೆ. ಅದೃಷ್ಟಕ್ಕೆ. ಇದು ಹೆಂಡತಿ ಅಲೆನಾ ಕೊನೆಯ ಸಲ ಇಟ್ಟದ್ದು. ಆಕೆ ಈಗಿಲ್ಲ. ಬಿಸಾಡಿದ್ದು ನಾನೇ ಎಂದು ಹೇಳಿದೆ. ಬೈಯಲಿಲ್ಲ. ಬೈದಿದ್ದರೇ ಒಳ್ಳೆಯದಿತ್ತು.

ಊರಿನಲ್ಲಿರುವ ಖದೀಜತ್‌ಗೆ ಫೋನ್ ಮಾಡಿ ಅತ್ತೆ. "ಎಂತ ಮಾರಾಯ್ರೆ, ಉಳ್ಳಾಲದವರು ಹುರುಪೆ ಬಿಸಾಡದೆ ಮತ್ತೆಂತ ಮಾಡ್ತಾರೆ? ನಾಳೆ ಒಂದು ಮೀನು ತನ್ನಿ" ಎಂದಳು. ನನ್ನ ಹೆಂಡತಿಗೆ ಎಲ್ಲದಕ್ಕೂ ಮೀನೇ ಮದ್ದು.

ಡಿ. ೨೪
ಸಾಹೇಬರ ಕಡೆ ಕ್ರಿಸ್‌ಮಸ್ ಊಟ ಇವತ್ತು ರಾತ್ರಿಯೇ ಅಂತೆ. ಅವರ ಊರಿನ ಮೀನು ಇಲ್ಲೆಲ್ಲಿ ಸಿಗಬೇಕು? ಇಲ್ಲಿಯ ಸಮುದ್ರದ ಶೇರಿ ಮೀನು ತಂದೆ. ಮಸಾಲೆ ಅರೆದು ಹುರಿದೆ. ದೊಡ್ಡದೊಂದು ಹುರುಪೆ ತೊಳೆದು ಅವರ ತಟ್ಟೆಯಡಿ ಇಟ್ಟೆ. ತಟ್ಟೆ ಎತ್ತಿ ನೋಡಿದರು. ನಕ್ಕರು, ಕಣ್ಣೊರೆಸಿಕೊಂಡರು.

"ಇನ್ನೊಂದು ಇದೆಯಾ?"

ಕೊಟ್ಟೆ. ನನ್ನ ತಟ್ಟೆಯಡಿ ಇಟ್ಟರು. "ಅಲೆನಾ ಮನೆಯವರಿಗೆಲ್ಲ ಇಡುತ್ತಿದ್ದಳು."

ಮನೆಯವರಿಗೆಲ್ಲ! ಊಟವಾದ ಮೇಲೆ ನನ್ನ ಹುರುಪೆಯನ್ನು ಅಡುಗೆಮನೆಯ ಶೆಲ್ಫಿನಲ್ಲಿಟ್ಟೆ.

ಡಿ. ೨೬, ಶುಕ್ರವಾರ
ಸೋಲು. ಕೊನೆಗಳಿಗೆಯಲ್ಲಿ ಪೆನಾಲ್ಟಿ — ಹಾಳಾದ್ದು. ನಾಳೆಯೇ ಹೊರಡಬೇಕಂತೆ.

"ನನ್ನ ಮೀನಿಗೆ ಯೋಗ್ಯತೆ ಇಲ್ಲ ಸಾಹೇಬ್ರೆ" ಎಂದೆ.

ಹುರುಪೆಯಿದ್ದ ಪರ್ಸ್ ತಟ್ಟಿದರು. "ಇದು ಫುಟ್ಬಾಲಿಗಲ್ಲ, ಮಾರಾಯ."

ಆ 'ಮಾರಾಯ' ನನ್ನಿಂದಲೇ ಕಲಿತದ್ದು.

೨೦೧೫ ಜನವರಿ ೧೪
ಬರೆಯಲು ಮನಸ್ಸೇ ಇರಲಿಲ್ಲ. ಹೊಸ ಕೋಚ್ ಬಂದಿದ್ದಾನೆ. ರೂಮಿನಲ್ಲೇ ಉಣ್ಣುತ್ತಾನೆ.

ನಿನ್ನೆ ಸಾಹೇಬರ ಫೋನ್. ಊರಿನಲ್ಲಿ ಚಿಕ್ಕ ಮಕ್ಕಳಿಗೆ ಆಟ ಕಲಿಸುತ್ತಿದ್ದಾರಂತೆ. ಶೇರಿಯ ಹುರುಪೆ ಪರ್ಸಿನಲ್ಲೇ ಇದೆಯಂತೆ.

ನನ್ನದು ಅಡುಗೆಮನೆಯ ಶೆಲ್ಫಿನಲ್ಲಿತ್ತು. ಇವತ್ತು ಹೊಸಬನ ಕಣ್ಣಿಗೆ ಬಿತ್ತು. "ಏನಿದು ಕಸ? ಬಿಸಾಡು" ಎಂದ.

ಆಯ್ತು ಸಾರ್ ಎಂದೆ. ಅವನು ಆಚೆ ಹೋಗುವವರೆಗೆ ಕಾದೆ. ಕೈ ತೊಳೆದು ಒರೆಸಿಕೊಂಡು, ಹುರುಪೆ ಎತ್ತಿಕೊಂಡು, ನನ್ನ ಪರ್ಸ್ ತೆಗೆದು —