ಅಟ್ಟದ ಸಾಕ್ಷಿ

4 ಫೆಬ್ರುವರಿ 2007, ಭಾನುವಾರ. ಬೆಳಿಗ್ಗೆ

ಇಡ್ಲಿ ಹಬೆಗೆ ಇಟ್ಟು ಬರೆಯುತ್ತಿದ್ದೇನೆ. ಪ್ರಾಕ್ಟಿಕಲ್ ರೆಕಾರ್ಡ್‌ಗಳು ಇನ್ನೂ ಒಂದು ಕಟ್ಟು ಉಳಿದಿವೆ. ನಾಳೆಗೆ. ಇವತ್ತು ಸಂಜೆ ವಿಚಾರ ವೇದಿಕೆಯ ತಿಂಗಳ ಚರ್ಚೆ— ಭೂಮಿ ಬಿಸಿಯಾಗುತ್ತಿದೆಯೆ, ಹೌದಾದರೆ ಯಾರಿಂದ? ಪೇಪರಿನ ತುಂಬ ಅದೇ ಸುದ್ದಿ. ಬಹುಪಾಲು ಕಾರಣ ಮನುಷ್ಯನೇ ಅಂತ ವಿಶ್ವಸಂಸ್ಥೆಯ ವಿಜ್ಞಾನಿಗಳ ವರದಿ. ತಿಪಟೂರಿನಲ್ಲಿ ಅರ್ಧ ಊರು ನಂಬಿಲ್ಲ. ಮನೆಯಲ್ಲಿ ಮಾವ ನಂಬಿಲ್ಲ. ಎಲ್ಲ ಶಿವನ ಆಟ ಕಣಮ್ಮ, ಅನ್ನುತ್ತಾರೆ.

ಹೆಣ್ಣುಮಕ್ಕಳ ಪಿಯು ಕಾಲೇಜಿನ ಫಿಸಿಕ್ಸ್ ಮೇಡಂ ಅಂತ ನನ್ನನ್ನು ಕರೆದಿದ್ದಾರೆ. ಎದುರಿಗೆ ಲಾಯರ್ ತೋಂಟದಾರ್ಯ. ಬರಲಿ. ನನ್ನ ಹತ್ತಿರ ಅಟ್ಟ ಇದೆ. ಅಟ್ಟಕ್ಕೆ ಹಾಕಿದ ಕಾಯಿ ಒಣಗಿ ಕೊಬ್ಬರಿ ಗಿಟುಕಾಗಲು ಸುಮಾರು ಒಂದು ವರ್ಷ ಬೇಕು. ಈ ಸಲ ನಮ್ಮದು ಎರಡು ತಿಂಗಳು ಮೊದಲೇ ಒಳಗೆ ಲೊಡಲೊಡ ಅನ್ನುತ್ತಿದೆ. ಬಿಸಿ ಏರಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಕೊಬ್ಬರಿಯ ಊರಿಗೆ ಕೊಬ್ಬರಿಯಲ್ಲೇ ಉತ್ತರ.

ಅದೇ ದಿನ. ಊಟ ಮಾಡಿಲ್ಲ

ಬರೆಯಲೂ ನಾಚಿಕೆ.

ಚೆನ್ನಾಗಿಯೇ ಮಾತಾಡಿದೆ. ಗಿಟುಕು ಎತ್ತಿ ತೋರಿಸಿದೆ, ಚಪ್ಪಾಳೆ ಬಿತ್ತು. ತೋಂಟದಾರ್ಯ ಎದ್ದರು. ಭಾಷಣ ಇಲ್ಲ, ಏನಿಲ್ಲ. ಕನ್ನಡಕ ಒರೆಸಿಕೊಂಡು ಒಂದೇ ಪ್ರಶ್ನೆ.

"ಮೇಡಂನೋರೇ, ನಿಮ್ಮ ಮನೇಗೆ ಹಂಚು ತೆಗ್ಸಿ ಶೀಟ್ ಹಾಕ್ಸಿದ್ದು ಯಾವಾಗ?"

ನಾನು ಬಾಯಿ ಬಿಡುವ ಮೊದಲೇ ಮೂರನೇ ಸಾಲಿನಿಂದ ಮಾವನ ದನಿ. "ಹೋದ್ ವರ್ಷ ಯುಗಾದೀಗೆ."

ಇಡೀ ಹಾಲ್ ನಕ್ಕಿತು. ಶೀಟಿನ ಕೆಳಗೆ ಕಾದ ಕಾಯಿ ಬೇಗ ಒಣಗದೆ ಇನ್ನೇನು? ನನ್ನ ತಲೆಗೆ ಹೊಳೆದೇ ಇರಲಿಲ್ಲ. ದೊಡ್ಡ ಎಂಎಸ್ಸಿ! ಮನೆಗೆ ಬಂದು ಮಾವನ ಮೇಲೆ ಹರಿಹಾಯ್ದೆ. "ಅವ್ರು ಕೇಳುದ್ರು, ಹೇಳ್ದೆ. ಸುಳ್ ಹೇಳ್ಬೇಕಿತ್ತೇನಮ್ಮ?" ಅಂದು ಎಲೆಗೆ ಸುಣ್ಣ ಸವರಿಕೊಂಡರು. ಅವರ ಹೊಟ್ಟೆಯಲ್ಲಿ ಸುಳ್ಳು ನಿಲ್ಲುವುದಿಲ್ಲ. ನಮ್ಮ ಮಾವ ಸದಾಶಿವಯ್ಯ ಅಂದರೆ ಕೊಬ್ಬರಿ ಮಂಡಿಯವರೆಲ್ಲ ಹೆದರುವುದು ಅದಕ್ಕೇ.

7 ಫೆಬ್ರುವರಿ

ಹುಡುಗಿಯರು ಹೆಸರಿಟ್ಟಿದ್ದಾರೆ. ಶೀಟ್ ಮೇಡಂ.

ಬೋರ್ಡಿನ ಮೇಲೆ ಮನೆಯ ಚಿತ್ರ, ಸೂರಿನಿಂದ ಹೊಗೆ. ಒರೆಸಿ ಪಾಠ ಶುರು ಮಾಡಿದರೆ ಹಿಂದಿನ ಬೆಂಚಿನಲ್ಲಿ ಕಿಸಕ್. ಹೆಸರಿಟ್ಟರೆ ಇಡಲಿ, ನಾನೂ ನನ್ನ ಮೇಷ್ಟ್ರುಗಳಿಗೆ ಇಟ್ಟವಳೇ. ಹೊಟ್ಟೆ ಉರಿಯುವುದು ಬೇರೆಯದಕ್ಕೆ. ನನ್ನ ದಡ್ಡತನದಿಂದ ಭೂಮಿ ಬಿಸಿಯಾಗುತ್ತಿದೆ ಅನ್ನುವ ಮಾತೇ ಸುಳ್ಳು ಅಂತಾಯಿತು. ಈಗ ನಿಜ ಹೇಳಿದರೂ ಈ ಊರಿನಲ್ಲಿ ನಗುತ್ತಾರೆ.

ಕೆಮಿಸ್ಟ್ರಿಯ ಶಬೀನಾಳ ಹತ್ತಿರ ಹೇಳಿಕೊಂಡು ಅತ್ತುಬಿಟ್ಟೆ. ಅವಳಾದರೂ ಲಾಯರನ್ನು ಬೈಯುತ್ತಾಳೆ ಅಂದುಕೊಂಡರೆ, ಅವರು ಕೇಳಿದ್ದು ಸರಿಯಾದ ಪ್ರಶ್ನೆ ಕಣೇ, ನೀನೇ ಕೇಳಿಕೊಳ್ಳಬೇಕಿತ್ತು ಅಂದಳು. ಮಧ್ಯಾಹ್ನದವರೆಗೂ ಅವಳ ಜೊತೆ ಮಾತು ಬಿಟ್ಟೆ.

11 ಫೆಬ್ರುವರಿ, ಭಾನುವಾರ. ಬೆಳಿಗ್ಗೆ ಆರು

ಲ್ಯಾಬಿನ ಥರ್ಮಾಮೀಟರ್ ತಂದಿದ್ದೇನೆ. ಹೊರಗೆ ಹದಿನಾರು ಡಿಗ್ರಿ. ಶಾಲು ಹೊದ್ದು ಏಣಿ ಹತ್ತಿ ಅಟ್ಟದೊಳಗೆ ತಲೆ ಹಾಕಿದೆ— ಬೆಚ್ಚಗೆ! ಇಪ್ಪತ್ತಮೂರು.

ಬಿಸಿಲು ಇಳಿದು ಒಂದು ರಾತ್ರಿಯೇ ಕಳೆದಿದೆ. ತೆಳು ಶೀಟು, ಇಷ್ಟು ಹೊತ್ತಿಗೆ ತಣ್ಣಗಾಗಬೇಕಿತ್ತು. ಈ ಬಿಸಿ ಯಾಕೆ ಇಲ್ಲೇ ಕೂತಿದೆ? ಶೀಟ್ ಒಂದೇ ಅಲ್ಲ... ಇನ್ನೇನೋ ಇದೆ.

18 ಫೆಬ್ರುವರಿ, ಭಾನುವಾರ

ಶಿವರಾತ್ರಿ ಉಪವಾಸದ ಸುಸ್ತು ಇನ್ನೂ ಇಳಿದಿಲ್ಲ. ಆದರೂ ಬೆಳಕು ಹರಿಯುವ ಮುಂಚೆ ಶಬೀನಾಳ ಸ್ಕೂಟಿಯಲ್ಲಿ ಹೊನ್ನವಳ್ಳಿಗೆ. ಮಾವನ ಅಕ್ಕ ಶಿವರುದ್ರಮ್ಮನವರದು ಇನ್ನೂ ಹಂಚಿನ ಮನೆ. ಅಟ್ಟ ನೋಡಬೇಕು ಅಂದರೆ, ಮೊದಲು ಕಾಫಿ ಕುಡೀರಿ, ಅಟ್ಟ ಎಲ್ಲೂ ಓಡಿಹೋಗಲ್ಲ ಅಂದರು.

ಅಟ್ಟ ಹೊರಗಿನಷ್ಟೇ ತಣ್ಣಗೆ. ಕಾಯಿ? ಯಾವಾಗಿನ ಹಾಗೇ. ಯುಗಾದಿ ಕಳೆದ ಮೇಲೇ ಗಿಟುಕಂತೆ. ಅಲ್ಲಿಗೆ ನನ್ನ ಕೊಬ್ಬರಿ ಸಾಕ್ಷಿ ಪೂರ್ತಿ ನೆಲಕ್ಕೆ ಬಿತ್ತು.

ಮುಖ ಸಪ್ಪಗೆ ಮಾಡಿಕೊಂಡು ಇಳಿಯುತ್ತಿದ್ದೆ. ಶಬೀನಾ ತೋಳು ಹಿಡಿದು ನಿಲ್ಲಿಸಿ ಮೇಲೆ ತೋರಿಸಿದಳು. ಹಂಚು ಹಂಚಿನ ನಡುವೆ, ಗೋಡೆಗೂ ಸೂರಿಗೂ ನಡುವೆ, ಎಲ್ಲೆಲ್ಲೂ ಸಂದು. ಬೆಳಕು ಚುಕ್ಕೆ ಚುಕ್ಕೆಯಾಗಿ ಒಳಗೆ ಬರುತ್ತಿತ್ತು. ಬೆಳಕು ಬರುವ ಕಡೆ ಬಿಸಿಗಾಳಿ ಹೊರಗೆ ಹೋಗುತ್ತದೆ. ನಮ್ಮ ಮನೆಯಲ್ಲಿ? ಶೀಟ್ ಹಾಕಿಸಿದಾಗ ಇಲಿ ಬರುತ್ತವೆ ಅಂತ ಮಾವ ಒಂದು ಸಂದೂ ಬಿಡದೆ ಸಿಮೆಂಟ್ ಮೆತ್ತಿಸಿದ್ದಾರೆ.

ಏಣಿಯ ಮೇಲೇ ಕೂತುಬಿಟ್ಟೆ. ಜೋರಾಗಿ ನಗು ಬಂತು. ಶಿವರುದ್ರಮ್ಮನವರು ಗಾಬರಿಯಾಗಿ ಓಡಿಬಂದರು.

4 ಮಾರ್ಚ್, ಭಾನುವಾರ. ಮಧ್ಯಾಹ್ನ

ವೇದಿಕೆಯವರನ್ನು ಕಾಡಿ ಬೇಡಿ ಇನ್ನೊಂದು ಸಲ ಅದೇ ಚರ್ಚೆ ಇಡಿಸಿದ್ದೇನೆ. ಸೀರೆಗೆ ಇಸ್ತ್ರಿ ಆಯಿತು. ಇವತ್ತೂ ನಕ್ಕರೆ ಈ ವಿಷಯ ಮತ್ತೆ ಎತ್ತುವ ಹಾಗಿಲ್ಲ.

ಅದೇ ದಿನ, ಸಂಜೆ

ಗೆದ್ದೆ. ಗೆದ್ದೆ. ಗೆದ್ದೆ!

ಕ್ರಮವಾಗಿ ಬರೆಯಬೇಕು. ಮೊದಲು ಕೊಬ್ಬರಿ ಸಾಕ್ಷಿಯನ್ನು ನಾನೇ ವಾಪಸ್ ತೆಗೆದುಕೊಂಡೆ. ಹೊನ್ನವಳ್ಳಿಯ ಅಟ್ಟದ ವಿಷಯ ಹೇಳಿದೆ. ಶುರುವಾದ ನಗು ಅರ್ಧಕ್ಕೆ ನಿಂತಿತು. ತೋಂಟದಾರ್ಯ ಎಲ್ಲವನ್ನೂ ಸೂರ್ಯನ ಮೇಲೆ ಹಾಕಿದರು. ಬಿಸಿಲು ಕೊಡುವವನು ಅವನು, ಹೆಚ್ಚು ಕಡಿಮೆ ಮಾಡುವವನೂ ಅವನೇ, ನಡುವೆ ಮನುಷ್ಯ ಎಷ್ಟರವನು ಅಂತ. ಒಳ್ಳೆ ಮಾತುಗಾರ, ಒಪ್ಪಬೇಕು.

ನಾನು ಎದ್ದು ನನಗೊಬ್ಬ ಸಾಕ್ಷಿ ಬೇಕು ಅಂದೆ. ಮಾವನನ್ನು ಕರೆದೆ. ಮಾವ ಕೂತಲ್ಲೇ ಎದ್ದುನಿಂತು ಶಲ್ಯ ಸರಿಮಾಡಿಕೊಂಡರು.

"ಮಾವ, ನಮ್ಮ ಅಟ್ಟದ ಸಂದೆಲ್ಲ ಮುಚ್ಚಿಸಿದ್ದು ಯಾರು?"

"ನಾನೇಯ. ಇಲಿ ಬತ್ತಿದ್ವು."

"ಆಮೇಲೆ ಅಟ್ಟದ ಬಿಸಿ?"

"ಜಾಸ್ತಿ ಆಯ್ತು. ಬೆಳಗಿನ್ ಜಾವ್ದಲ್ಲೂ ಬೆಚ್ಗಿರ್ತದೆ."

"ಬಿಸಿಲು ಮೊದಲಿಗಿಂತ ಹೆಚ್ಚಾಗಿತ್ತಾ?"

ಮಾವ ತೋಂಟದಾರ್ಯರ ಕಡೆ ನೋಡಿದರು. ನನ್ನ ಕಡೆ ನೋಡಿದರು. ಮಾವ ಲಾಯರ್ ಕಡೆಯವರು ಅಂತ ಊರಿಗೇ ಗೊತ್ತು.

"ಇಲ್ಲ. ಬಿಸ್ಲು ಅದೇಯ. ಮುಚ್ಚಿದ್ದು ನಾವು."

ಅಷ್ಟು ಸಾಕಿತ್ತು. ಬಿಸಿ ಹೊರಗೆ ಹೋಗುವ ದಾರಿಯನ್ನು ಆಕಾಶದಲ್ಲೂ ಹೀಗೇ ಮುಚ್ಚುತ್ತಿದ್ದೇವೆ ಅಂದೆ— ಕಲ್ಲಿದ್ದಲು, ಪೆಟ್ರೋಲು ಸುಟ್ಟ ಅನಿಲದಿಂದ. ಅನಿಲ ಸಿಮೆಂಟಲ್ಲ, ಹೋಲಿಕೆ ನೂರಕ್ಕೆ ನೂರು ಸರಿಯಿಲ್ಲ, ಅದನ್ನೂ ಹೇಳಿದೆ. ಆದರೆ ಬರೀ ಸೂರ್ಯನ ಕೆಲಸವಾಗಿದ್ದರೆ ಹಗಲು ಹೆಚ್ಚು ಬಿಸಿಯಾಗಬೇಕಿತ್ತು. ಐವತ್ತು ವರ್ಷದ ಅಳತೆಯಲ್ಲಿ ಹಗಲಿಗಿಂತ ರಾತ್ರಿಗಳೇ ಹೆಚ್ಚು ಬೆಚ್ಚಗಾಗಿವೆ. ನಮ್ಮ ಅಟ್ಟದ ಹಾಗೆ.

ತೋಂಟದಾರ್ಯ ಎದ್ದರು. ಮುಗಿಯಿತು ಅಂದುಕೊಂಡೆ. "ಅಟ್ಟದ ಮಟ್ಟಿಗೆ ಒಪ್ದೆ ಕಣಮ್ಮ. ಆಕಾಶದ್ದು ನಾನು ಓದ್ಬೇಕು. ನಿಮ್ಮತ್ರ ಇರೋದು ಕೊಡಿ."

ಆ ಲಾಯರ್ ಬಾಯಲ್ಲಿ ಓದಬೇಕು ಅನ್ನುವ ಮಾತು! ಹಿಂದಿನ ಸಾಲಿನಲ್ಲಿ ನಮ್ಮ ಹುಡುಗಿಯರು ಶೀಟ್ ಮೇಡಂ, ಶೀಟ್ ಮೇಡಂ ಅಂತ ಕೂಗಿ ಶಿಳ್ಳೆ ಹಾಕಿದರು. ಪಿಯು ಹುಡುಗಿಯರಿಗೆ ಶಿಳ್ಳೆ ಕಲಿಸಿದವರು ಯಾರೋ. ಬೈಯಲಿಲ್ಲ. ಕೈ ಎತ್ತಿಸಿದಾಗ ಮುಕ್ಕಾಲು ಹಾಲ್ ನನ್ನ ಕಡೆ.

ಮಾವ ಎತ್ತಲಿಲ್ಲ. ದಾರಿಯಲ್ಲಿ ಕೇಳಿದೆ. ಸಾಕ್ಷಿ ಹೇಳಿದವನು ತೀರ್ಪು ಕೊಡಬಾರದು ಅಂದರು.

5 ಮಾರ್ಚ್, ಸೋಮವಾರ. ಬೆಳಿಗ್ಗೆ

ಅಟ್ಟದಲ್ಲಿ ಟಕ್ ಟಕ್. ಇಲಿಯಲ್ಲ. ಹತ್ತಿ ನೋಡಿದರೆ ಮಾವ. ಉಳಿ, ಸುತ್ತಿಗೆ, ತಲೆಯ ಮೇಲೆಲ್ಲ ಸಿಮೆಂಟ್ ಪುಡಿ. ಸಂದು ಬಿಡಿಸುತ್ತಿದ್ದಾರೆ.

"ನಿನ್ ಮಾತು ಇನ್ನೂ ನಂಬಿಲ್ಲ ಕಣಮ್ಮ. ನಡುಮನೆ ಅಟ್ಟದ್ದು ಬಿಡುಸ್ತೀನಿ. ಪಡಸಾಲೇದು ಹಂಗೇ ಮುಚ್ಚಿರ್ಲಿ. ಎರಡೂ ಅಳ್ದು ನೋಡಾನ."

ಒಂದನ್ನು ಬದಲಿಸಿ, ಇನ್ನೊಂದನ್ನು ಹಾಗೇ ಬಿಟ್ಟು, ಎರಡನ್ನೂ ಅಳೆಯಿರಿ— ಲ್ಯಾಬಿನಲ್ಲಿ ಗಂಟಲು ಹರಿಯುವ ಹಾಗೆ ಹೇಳುತ್ತೇನೆ, ಒಬ್ಬಳೂ ತಾನಾಗಿ ಮಾಡಿದ್ದಿಲ್ಲ. ಮಾವನಿಗೆ ಯಾರು ಹೇಳಿಕೊಟ್ಟರು? ಕಣ್ಣು ತುಂಬಿತು. ನಿನ್ನೆಯ ಚಪ್ಪಾಳೆಗಿಂತ ಇದು ದೊಡ್ಡದು.

ಥರ್ಮಾಮೀಟರ್ ಇವತ್ತು ಲ್ಯಾಬಿಗೆ ವಾಪಸ್ ಕೊಡಬೇಕಿತ್ತು. ಕೊಡುವುದಿಲ್ಲ. ಕೇಳಿ ಇನ್ನೊಂದು ತರುತ್ತೇನೆ. ಮೇಲಿನಿಂದ ಕೂಗುತ್ತಿದ್ದಾರೆ. ಪಾದರಸ ಎಲ್ಲಿ ನಿಂತಿದೆ ಅಂತ ಕಾಣುತ್ತಿಲ್ಲವಂತೆ, ಕನ್ನಡಕ ತಗೊಂಡು ಬೇಗ ಬಾ ಅಂತ, ಅದು ಇಳಿದುಹೋಗುವ ಮೊದಲೇ—